ಜರುಗಿದ ‘ಶ್ರೀನಿಲಯ’: ಹಳೆಯ ಸಿಎನ್‌ಸಿಗೆ ಅಗ್ಗದ ಕಂಟ್ರೋಲರ್ ಹಾಕಿದ ಮೇಲೆ ಬಂದ ದೋಷ ಮತ್ತು ಅದರ ಪತ್ತೆ

ತೇಗದ ಹಲಗೆಯ ಮೇಲೆ ‘ಶ್ರೀನಿಲಯ’ ಎಂದು ಕೊರೆಯಲು ಸಿಎನ್‌ಸಿ (ಕಂಪ್ಯೂಟರಿನ ಆಜ್ಞೆಯಂತೆ ಕೊರೆಯುವ) ಯಂತ್ರವನ್ನು ಬಿಟ್ಟು ಕಾಫಿ ಕುಡಿಯಲು ಹೋದೆ. ಬಂದು ನೋಡಿದರೆ ಅಕ್ಷರಗಳ ತಳ ಒಂದು ಕಡೆ, ಸುತ್ತಿನ ಅಂಚು ಇನ್ನೊಂದು ಕಡೆ. ಯಂತ್ರದ ಬಿಟ್ಟು, ಅಂದರೆ ತಿರುಗುತ್ತಾ ಕೊರೆಯುವ ಅಲಗು, ಮೊದಲು ಪ್ರತಿ ಅಕ್ಷರದ ಒಳಭಾಗವನ್ನು ಎಡಕ್ಕೂ ಬಲಕ್ಕೂ ಓಡಾಡಿ ಕೆರೆಯುತ್ತದೆ. ಎಲ್ಲ ಅಕ್ಷರಗಳೂ ಮುಗಿದ ಮೇಲೆ ಕೊನೆಯ ಸುತ್ತಿನಲ್ಲಿ ಅಂಚುಗಳನ್ನು ನಯ ಮಾಡುತ್ತದೆ. ಆ ಕೊನೆಯ ಸುತ್ತು ಬಲಕ್ಕೆ ಸರಿದಿತ್ತು. ‘ಶ್ರೀ’ಯ ಬಲಗೋಡೆಯನ್ನು ಇಲಿ ಕಚ್ಚಿದಂತೆ ತಿಂದಿತ್ತು, ಎಡಗೋಡೆಯನ್ನು ಮುಟ್ಟಿರಲೇ ಇಲ್ಲ. ವಿಚಿತ್ರವೆಂದರೆ ಕೊನೆಯ ಅಕ್ಷರ ‘ಯ’ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು.

ಅರ್ಧ ಉತ್ತರ ಈ ವಿಚಿತ್ರದಲ್ಲೇ ಅಡಗಿತ್ತು ಎಂಬುದು ನನಗೆ ಹೊಳೆದದ್ದು ನಾಲ್ಕು ದಿನಗಳ ನಂತರ. ಕೆಲಸ ಸಾಗಿದಂತೆ ತಪ್ಪು ಬೆಳೆಯುತ್ತಾ ಹೋಗಿದೆ. ‘ಯ’ದ ತಳ ಕೆರೆಯುವಾಗ ಎಷ್ಟು ಸರಿದಿತ್ತೋ ಅಂಚಿನ ಸುತ್ತಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಸರಿದಿತ್ತು, ಹಾಗಾಗಿ ಎರಡೂ ಕೂಡಿಕೊಂಡವು. ಮೊದಲು ಕೊರೆದ ‘ಶ್ರೀ’ಗೂ ಅಂಚಿನ ಸುತ್ತಿಗೂ ನಡುವೆ ಇಡೀ ಕೆಲಸದ ತಪ್ಪು ಸೇರಿಕೊಂಡಿತ್ತು. ಕೆಲಸ ಮುಗಿಸಿ ಸೊನ್ನೆಗೆ ಮರಳಿದ ಬಿಟ್ಟು, ಮೂಲೆಯಲ್ಲಿ ನಾನು ಪೆನ್ಸಿಲ್‌ನಲ್ಲಿ ಹಾಕಿದ್ದ ಗುರುತಿನಿಂದ ಒಂದೂಮುಕ್ಕಾಲು ಮಿ.ಮೀ. ಬಲಕ್ಕೆ ನಿಂತಿತ್ತು. ಹಿಂದುಮುಂದಿನ ವೈ ಅಕ್ಷದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಯಂತ್ರ ಮತ್ತು ಹೊಸ ಮಿದುಳು

ಪೀಣ್ಯದ ಒಂದು ಶೆಡ್ಡಿನಿಂದ ಕೊಂಡು ತಂದ ಹಳೆಯ ರೂಟರ್ (ಮರ ಕೊರೆಯುವ ಯಂತ್ರ) ಇದು. ಕಬ್ಬಿಣದ ಚೌಕಟ್ಟು, 600 × 400 ಮಿ.ಮೀ. ಹಾಸು, ಒಂದು ಸುತ್ತಿಗೆ 5 ಮಿ.ಮೀ. ಸರಿಯುವ 1605 ಬಾಲ್ ಸ್ಕ್ರೂಗಳು, ನೆಮಾ 23 ಅಳತೆಯ ಸ್ಟೆಪ್ಪರ್ (ಹೆಜ್ಜೆಹೆಜ್ಜೆಯಾಗಿ ತಿರುಗುವ) ಮೋಟಾರುಗಳು. ಮೈಕಟ್ಟು ಗಟ್ಟಿ, ಮಿದುಳು ಮಾತ್ರ ಹಳತು: ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸುವ ನೀಲಿ ಬಣ್ಣದ ಟಿಬಿ6560 ಬೋರ್ಡು, ಮ್ಯಾಕ್3 ಎಂಬ ಯಂತ್ರ ನಡೆಸುವ ತಂತ್ರಾಂಶ ಓಡಿಸುವ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರು. ಆ ಕಂಪ್ಯೂಟರಿನ ಮದರ್‌ಬೋರ್ಡು ಒಂದು ದಿನ ಸತ್ತಿತು. ಮ್ಯಾಕ್3ಯ ಪ್ಯಾರಲಲ್ ಪೋರ್ಟ್ ಡ್ರೈವರ್ 32 ಬಿಟ್ ವಿಂಡೋಸ್‌ನಲ್ಲಷ್ಟೇ ನಡೆಯುತ್ತದೆ. ಪ್ರಿಂಟರಿಗೆಂದು ಮಾರುವ ಯುಎಸ್‌ಬಿ–ಪ್ಯಾರಲಲ್ ಕೇಬಲ್ಲಿನಿಂದ ಯಂತ್ರ ಓಡಿಸಬಹುದೆಂದು ಯಾರಾದರೂ ಹೇಳಿದರೆ ನಂಬಬೇಡಿ; ಪಲ್ಸ್‌ಗಳ (ಮೋಟಾರಿಗೆ ಒಂದೊಂದು ಹೆಜ್ಜೆ ಇಡಲು ಹೇಳುವ ಸಂಕೇತಗಳ) ಸಮಯವನ್ನು ಕಾಯುವುದು ಅದಕ್ಕೆ ಸಾಧ್ಯವಿಲ್ಲ.

ಎಸ್.ಪಿ. ರಸ್ತೆಯಲ್ಲಿ ಒಂದು ಶನಿವಾರ ಅಲೆದು ಆರ್ಡುಯಿನೊ ಉನೊ ಮಾದರಿಯ ಪುಟ್ಟ ಕಂಟ್ರೋಲರ್ ಬೋರ್ಡು, ಮೂರು ಟಿಬಿ6600 ಡ್ರೈವರ್ (ಪಲ್ಸ್ ಬಂದಂತೆ ಮೋಟಾರಿಗೆ ಕರೆಂಟ್ ಕೊಡುವ ಪೆಟ್ಟಿಗೆ), 36 ವೋಲ್ಟಿನ ಒಂದು ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಪೆಟ್ಟಿಗೆ) ತಂದೆ. ಎಲ್ಲ ಸೇರಿ ಐದು ಸಾವಿರ ರೂಪಾಯಿಯ ಆಸುಪಾಸು. ಉನೊ ಒಳಗೆ ಗರ್ಬಲ್ 1.1 ಎಂಬ ಯಂತ್ರ ನಡೆಸುವ ತಂತ್ರಾಂಶ ಹಾಕಿದೆ. ಅದು ಸೆಕೆಂಡಿಗೆ 30,000 ಪಲ್ಸ್‌ವರೆಗೆ ಕೊಡಬಲ್ಲದು. ನನ್ನ ಯಂತ್ರಕ್ಕೆ 1/8 ಮೈಕ್ರೊಸ್ಟೆಪ್‌ನಲ್ಲಿ, ಅಂದರೆ ಮೋಟಾರಿನ ಒಂದು ಹೆಜ್ಜೆಯನ್ನು ಎಂಟು ಪಾಲು ಮಾಡಿದಾಗ, ಸುತ್ತಿಗೆ 1600 ಹೆಜ್ಜೆ, ಅಂದರೆ ಮಿ.ಮೀ.ಗೆ 320. ನಿಮಿಷಕ್ಕೆ 3000 ಮಿ.ಮೀ. ಓಡಿಸಿದರೂ ಸೆಕೆಂಡಿಗೆ 16,000 ಪಲ್ಸ್ ಸಾಕು.

ಒಂದು ಸಣ್ಣ ಸಂಗತಿ, ಮುಂದೆ ಇದೇ ದೊಡ್ಡದಾಗುತ್ತದೆ: ಅಂಗಡಿಯಲ್ಲಿ ಒಂದೇ ಬಗೆಯ ಡ್ರೈವರ್ ಎರಡೇ ಉಳಿದಿದ್ದವು. ಮೂರನೆಯದನ್ನು ಪಕ್ಕದ ಬೀದಿಯಲ್ಲಿ ಕೊಂಡೆ. ಮುಚ್ಚಳದ ಮೇಲೆ ಅದೇ ಹೆಸರು, ಸೆಟ್ಟಿಂಗ್ ಬದಲಿಸುವ ಅದೇ ಪುಟ್ಟ ಡಿಪ್ ಸ್ವಿಚ್ಚುಗಳು, ಬೆಲೆ ನೂರು ರೂಪಾಯಿ ಕಡಿಮೆ. ಲಾಭವಾಯಿತೆಂದು ಅದನ್ನು ಎಡಬಲದ ಎಕ್ಸ್ ಅಕ್ಷಕ್ಕೆ ಹಾಕಿದೆ.

ಮೊದಲ ವಾರವೆಲ್ಲ ಮನೆ ನಂಬರಿನ ಪಟ್ಟಿಗಳನ್ನು ಕೊರೆದೆ. ಒಂದೆಳೆಯ ಗೆರೆಯ ಅಂಕಿಗಳು, ಒಂದೂ ಕೆಡಲಿಲ್ಲ. ಕೆಟ್ಟದ್ದು ದಪ್ಪ ಕನ್ನಡ ಅಕ್ಷರಗಳ ಒಳಗನ್ನು ಕೆರೆದಾಗಲೇ.

ತಪ್ಪು ಯಾವುದರ ಲೆಕ್ಕದಲ್ಲಿ ಬೆಳೆಯುತ್ತಿದೆ?

ಯಂತ್ರ ಜಾಗ ತಪ್ಪಿದಾಗ ಎಲ್ಲರ ಕೈಯೂ ಮೊದಲು ಕರೆಂಟ್ ಹೆಚ್ಚಿಸುವ ಸ್ವಿಚ್ಚಿಗೆ ಹೋಗುತ್ತದೆ, ಇಲ್ಲವೇ ದುಡ್ಡಿನ ಚೀಲಕ್ಕೆ. ನನ್ನದೂ ಹೋಯಿತು. ಅದರ ಬದಲು ಮೊದಲು ಕೇಳಬೇಕಾಗಿದ್ದ ಪ್ರಶ್ನೆ ಒಂದೇ: ಈ ತಪ್ಪು ದೂರದ ಜೊತೆ ಬೆಳೆಯುತ್ತದೆಯೇ, ವೇಗದ ಜೊತೆಯೇ, ಸಮಯದ ಜೊತೆಯೇ, ದಿಕ್ಕು ಬದಲಿಸಿದ ಸಲಗಳ ಜೊತೆಯೇ, ಅಥವಾ ಬೆಳೆಯುವುದೇ ಇಲ್ಲವೇ?

ಬೆಳೆಯದ ತಪ್ಪು ಸ್ಕ್ರೂವಿನ ಸಡಿಲ, ಅಂದರೆ ಬ್ಯಾಕ್‌ಲ್ಯಾಶ್. ಅದು ಹೋಗುವಾಗ ಒಂದು ತೋರಿಸಿ ಬರುವಾಗ ಇನ್ನೊಂದು ತೋರಿಸುತ್ತದೆ, ಆದರೆ ನೂರು ಸಲ ಓಡಾಡಿದರೂ ಅಷ್ಟೇ ಇರುತ್ತದೆ. ಯಂತ್ರವನ್ನು ಮಾರಿದ ಟರ್ನರ್ ಯಜಮಾನರಿಗೆ ಫೋನು ಮಾಡಿದಾಗ ಅವರು ಹೇಳಿದ್ದೂ ಇದನ್ನೇ: “ಮೊದಲು ಸ್ಕ್ರೂ ಆಡುತ್ತಿದೆಯೇ ನೋಡಿ ಸ್ವಾಮಿ, ಕರೆಂಟಿನ ಮಾತು ಆಮೇಲೆ.” ಡಯಲ್ ಗೇಜ್ (ಸೂಕ್ಷ್ಮ ಅಳತೆಯ ಮುಳ್ಳಿನ ಮಾಪಕ) ಇಟ್ಟು, ಬಿಟ್ಟನ್ನು ಹೊತ್ತು ಸರಿಯುವ ಗ್ಯಾಂಟ್ರಿಯನ್ನು ಕೈಯಲ್ಲಿ ನೂಕಿದೆ. ಮುಳ್ಳು ಎರಡು ಗೆರೆ ಅಲುಗಿತು, 0.02 ಮಿ.ಮೀ. ಅದು ನನ್ನ ಕಳ್ಳನಲ್ಲ.

ಮೋಟಾರನ್ನೂ ಸ್ಕ್ರೂವನ್ನೂ ಜೋಡಿಸುವ ಕಪ್ಲಿಂಗ್ ಜಾರುವುದನ್ನು ಹಿಡಿಯಲು ಮಾರ್ಕರ್ ಪೆನ್ ಸಾಕು. ಮೋಟಾರಿನ ದಂಡ, ಕಪ್ಲಿಂಗ್, ಸ್ಕ್ರೂ ಮೂರರ ಮೇಲೂ ಹಾದುಹೋಗುವಂತೆ ಒಂದು ನೇರ ಗೆರೆ ಎಳೆಯಿರಿ. ಕೆಲಸ ಮುಗಿದ ಮೇಲೆ ಗೆರೆ ಮುರಿದಿದ್ದರೆ ಕಪ್ಲಿಂಗನ್ನು ಬಿಗಿಯುವ ಗ್ರಬ್ ಸ್ಕ್ರೂ ಸಡಿಲ. ನನ್ನದು ಮುರಿದಿರಲಿಲ್ಲ.

ದೂರದ ಜೊತೆ ಬೆಳೆಯುವ ತಪ್ಪು ಸೆಟ್ಟಿಂಗಿನದು. 300 ಮಿ.ಮೀ. ಹೋಗು ಎಂದರೆ 301 ಹೋಗುತ್ತದೆ, ಆದರೆ ಸೊನ್ನೆಗೆ ಬಾ ಎಂದರೆ ಸೊನ್ನೆಗೇ ಬರುತ್ತದೆ. ಗರ್ಬಲ್‌ನ $100, $101, $102 ಸೆಟ್ಟಿಂಗುಗಳನ್ನು (ಪ್ರತಿ ಅಕ್ಷಕ್ಕೆ ಮಿ.ಮೀ.ಗೆ ಎಷ್ಟು ಹೆಜ್ಜೆ ಎಂಬ ಸಂಖ್ಯೆ) ನೋಡಿ ಸರಿಪಡಿಸಿದರೆ ಮುಗಿಯಿತು.

ವೇಗದ ಜೊತೆ ಬೆಳೆಯುವ ತಪ್ಪು ಶಕ್ತಿ ಸಾಲದ ಮೋಟಾರಿನದು, ಮತ್ತು ಅದಕ್ಕೆ ಒಂದು ಗುರುತಿದೆ. ಸ್ಟೆಪ್ಪರ್ ಮೋಟಾರು ಸೋತು ಜಾರಿದಾಗ ಬಾಯಿಗೆ ಬಂದಷ್ಟು ಜಾರುವುದಿಲ್ಲ. ಸುರುಳಿಗಳ ಒಂದು ಪೂರ್ತಿ ಆವರ್ತನೆಯಷ್ಟು, ಅಂದರೆ ನಾಲ್ಕು ಪೂರ್ಣ ಹೆಜ್ಜೆಗಳ ಲೆಕ್ಕದಲ್ಲಿ ಜಾರುತ್ತದೆ. 200 ಹೆಜ್ಜೆಯ ಮೋಟಾರು, 5 ಮಿ.ಮೀ. ಸ್ಕ್ರೂ ಇದ್ದಲ್ಲಿ ಅದು ಸರಿಯಾಗಿ 0.1 ಮಿ.ಮೀ. ತಪ್ಪು 0.1, 0.2, 0.3 ಎಂದು ಮೆಟ್ಟಿಲು ಹತ್ತಿದಂತೆ ಬಂದರೆ ವೇಗವರ್ಧನೆಯ $120ನ್ನು ಇಳಿಸಿ, ಗರಿಷ್ಠ ವೇಗದ $110ನ್ನು ಇಳಿಸಿ, ಕರೆಂಟಿನ ಡಿಪ್ ಸ್ವಿಚ್ ನೋಡಿ. ಜೊತೆಗೆ ಆ ಗುರುಗುಟ್ಟುವ ಸದ್ದು ಬೇರೆ ಇರುತ್ತದೆ, ಕಿವಿಯೇ ಹೇಳಿಬಿಡುತ್ತದೆ. ಈ ಲೆಕ್ಕ ಗೊತ್ತಿಲ್ಲದೆ ನಾನು ಕರೆಂಟನ್ನು 2.5 ಆಂಪಿಯರಿನಿಂದ 3ಕ್ಕೆ ಏರಿಸಿ ಮೋಟಾರನ್ನು ಸುಡುಸುಡು ಮಾಡಿದ್ದೊಂದೇ ಬಂತು. ತಪ್ಪು ಅಷ್ಟೇ ಇತ್ತು.

ಸಂಪಿನ ಮೋಟಾರು ತಂದ ಗೊಂದಲ

ಇಲ್ಲಿ ಎರಡು ದಿನ ದಾರಿ ತಪ್ಪಿದೆ. ಅದೇ ವಾರ ಯಂತ್ರ ನಡುನಡುವೆ ‘ಅಲಾರಾಂ 1’ ಎಂದು ನಿಲ್ಲುತ್ತಿತ್ತು. ಹಾಸಿನ ಅಂಚು ಮುಟ್ಟಿದಾಗ ಯಂತ್ರವನ್ನು ನಿಲ್ಲಿಸುವ ಲಿಮಿಟ್ ಸ್ವಿಚ್ ಒತ್ತಿದೆ ಎಂದು ಇದರ ಅರ್ಥ, ಆದರೆ ಗ್ಯಾಂಟ್ರಿ ಹಾಸಿನ ನಟ್ಟನಡುವೆ ಇರುತ್ತಿತ್ತು. ಬೆಳಿಗ್ಗೆ ಏಳರ ಹೊತ್ತಿಗೆ ಹೆಚ್ಚು. ಗುಟ್ಟು ಬಿಟ್ಟುಕೊಟ್ಟವರು ಕೆಳಮನೆಯ ಅಜ್ಜಿ. ಮೆಟ್ಟಿಲ ಬಳಿ ನಿಂತು, “ಏನಪ್ಪಾ, ನಾನು ಸಂಪಿನ ಮೋಟಾರು ಹಾಕಿದಾಗಲೆಲ್ಲ ನಿನ್ನ ಮಿಷನ್ನು ಸುಮ್ಮನಾಗುತ್ತದಲ್ಲ?” ಎಂದರು.

ಉನೊ ಒಳಗಿನ ಚಿಪ್ಪು ಲಿಮಿಟ್ ಪಿನ್ನನ್ನು 5 ವೋಲ್ಟಿಗೆ ಎಳೆದಿಡುವುದು 20ರಿಂದ 50 ಕಿಲೋ ಓಮ್‌ನ ಒಳರೆಸಿಸ್ಟರಿನಿಂದ. ಅದು ತೀರಾ ಸಡಿಲ ಹಿಡಿತ. ಮೂರು ಮೀಟರ್ ಉದ್ದದ ಲಿಮಿಟ್ ತಂತಿ ಆಂಟೆನಾದಂತೆ ಪಂಪಿನ, ಸ್ಪಿಂಡಲಿನ (ಬಿಟ್ಟನ್ನು ತಿರುಗಿಸುವ ಮೋಟಾರಿನ) ವಿದ್ಯುತ್ ಗದ್ದಲವನ್ನೆಲ್ಲ ಹೀರಿಕೊಂಡು ಪಿನ್ನನ್ನು ಬೀಳಿಸುತ್ತದೆ. ಪಿನ್ನಿನ ಬುಡದಲ್ಲಿ 5 ವೋಲ್ಟಿಗೆ ಒಂದು ಕಿಲೋ ಓಮ್ ರೆಸಿಸ್ಟರ್, ಗ್ರೌಂಡಿಗೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಬೆಸುಗೆ ಹಾಕಿದೆ. ಸ್ವಿಚ್ಚುಗಳನ್ನು ಸದಾ ಮುಚ್ಚಿರುವ ಎನ್‌ಸಿ ಕಾಲುಗಳಿಗೆ ಬದಲಿಸಿ, ಅದನ್ನು ಗರ್ಬಲ್‌ಗೆ ತಿಳಿಸಲು $5=1 ಮಾಡಿದೆ. ಆಗ ತಂತಿ ಯಾವಾಗಲೂ ಗ್ರೌಂಡಿಗೆ ಗಟ್ಟಿಯಾಗಿ ಕಟ್ಟಿಕೊಂಡಿರುತ್ತದೆ. ತಂತಿ ತುಂಡಾದರೆ ಯಂತ್ರ ತಾನಾಗಿ ನಿಲ್ಲುತ್ತದೆ, ಅದು ಇನ್ನೊಂದು ಲಾಭ. ಲಿಮಿಟ್ ತಂತಿಯನ್ನು ಸ್ಪಿಂಡಲ್ ತಂತಿಯ ಜೊತೆ ಒಂದೇ ಕೊಳವೆಯಲ್ಲಿ ಎಳೆದಿದ್ದೆ, ಅದನ್ನೂ ಬೇರೆ ಮಾಡಿದೆ. ಅಲಾರಾಂ ಮತ್ತೆ ಬರಲಿಲ್ಲ. ಅಜ್ಜಿ ಈಗ ನೆಮ್ಮದಿಯಾಗಿ ನೀರು ಏರಿಸುತ್ತಾರೆ.

ಸಿಎನ್‌ಸಿ ಶೀಲ್ಡಿನ (ಉನೊ ಮೇಲೆ ಸಿಕ್ಕಿಸಿ ತಂತಿ ಜೋಡಿಸುವ ಬೋರ್ಡು) 3.00 ಆವೃತ್ತಿ ಬಳಸುವವರಿಗೆ ಇದೇ ಜಾಗದಲ್ಲಿ ಬೇರೊಂದು ಹಳ್ಳವಿದೆ. ಆ ಶೀಲ್ಡ್ ಮಾಡಿದ್ದು ಗರ್ಬಲ್ 0.8ರ ಕಾಲದಲ್ಲಿ. 0.9ರಿಂದ ಝಡ್ ಲಿಮಿಟ್ 12ನೇ ಪಿನ್ನಿಗೂ ಸ್ಪಿಂಡಲ್ 11ನೇ ಪಿನ್ನಿಗೂ ಅದಲುಬದಲಾದವು. ಶೀಲ್ಡಿನ ಮೇಲೆ ಅಚ್ಚಾದ ಹೆಸರನ್ನು ನಂಬಿ ತಂತಿ ಹಾಕಿದರೆ ಝಡ್ ಹೋಮಿಂಗ್ (ಮೇಲೆಕೆಳಗಿನ ಅಕ್ಷ ಸ್ವಿಚ್ ಮುಟ್ಟಿ ತನ್ನ ನೆಲೆ ಕಂಡುಕೊಳ್ಳುವುದು) ಎಂದಿಗೂ ಆಗುವುದಿಲ್ಲ.

ಗದ್ದಲ ಅಡಗಿತಲ್ಲ, ಜಾರುವುದೂ ನಿಂತಿರಬೇಕು ಎಂದು ಇನ್ನೊಂದು ತೇಗದ ತುಂಡು ಹಾಕಿದೆ. ಮತ್ತೆ ಒಂದೂಮುಕ್ಕಾಲು ಮಿ.ಮೀ., ಮತ್ತೆ ಬಲಕ್ಕೆ. ತೇಗವನ್ನು ಬದಿಗಿಟ್ಟು ಯೋಚಿಸಿದ್ದು ಆಗ. ಗದ್ದಲದಿಂದ ಹುಟ್ಟುವ ತಪ್ಪು ಸ್ಪಿಂಡಲ್ ಓಡುತ್ತಿರುವ ಸಮಯದ ಜೊತೆ ಬೆಳೆಯಬೇಕು, ಒಂದೊಂದು ಸಲ ಒಂದೊಂದು ಥರ ಬರಬೇಕು. ಎರಡು ಸಲವೂ ಅಳತೆ ಹಿಡಿದಂತೆ ಒಂದೇ ಬಂದಿದೆಯೆಂದರೆ ಇದರ ಹಿಂದೆ ಎಣಿಕೆಯಿದೆ.

ಇನ್ನೂರು ಸಲ ಹೋಗಿ ಬಾ

ಸ್ಪಿಂಡಲ್ ಆಫ್. ಹಾಸಿನ ಮೇಲೆ ಕಬ್ಬಿಣದ ತಟ್ಟೆ, ಅದರ ಮೇಲೆ ಅಯಸ್ಕಾಂತದ ಸ್ಟ್ಯಾಂಡಿನಲ್ಲಿ ಡಯಲ್ ಗೇಜ್, ಮೂತಿ ಸ್ಪಿಂಡಲ್ ಹಿಡಿಕೆಗೆ ತಾಗಿ ಸೊನ್ನೆ. ಎಕ್ಸ್ ಅಕ್ಷ ಗೇಜಿನಿಂದ ದೂರಕ್ಕೆ 5 ಮಿ.ಮೀ. ಹೋಗಬೇಕು, ಸೊನ್ನೆಗೆ ಬರಬೇಕು; ಹೀಗೆ 200 ಸಲ. ಗರ್ಬಲ್‌ಗೆ ‘ಇದನ್ನು ಇಷ್ಟು ಸಲ ಮಾಡು’ ಎಂಬ ಲೂಪ್ ಆಜ್ಞೆ ಗೊತ್ತಿಲ್ಲ. ಹಾಗಾಗಿ ಎರಡು ಸಾಲನ್ನು ಸ್ಪ್ರೆಡ್‌ಶೀಟಿನಲ್ಲಿ 200 ಸಲ ಎಳೆದು ಕಡತವಾಗಿ ಉಳಿಸಿದೆ.

ನಿಮಿಷಕ್ಕೆ 600 ಮಿ.ಮೀ. ವೇಗದಲ್ಲಿ ಓಡಿಸಿದಾಗ ಗೇಜ್ 1.25 ತೋರಿಸಿತು. ವೇಗವನ್ನು 2400ಕ್ಕೆ ಏರಿಸಿದೆ: 1.25. ಮತ್ತೆ 300ಕ್ಕೆ ಇಳಿಸಿದೆ: 1.24. ದೂರವನ್ನು 5ರಿಂದ 40 ಮಿ.ಮೀ.ಗೆ ಹೆಚ್ಚಿಸಿದೆ, ಸಲ ಅಷ್ಟೇ: 1.25. ಸಲವನ್ನು 20ಕ್ಕೆ ಇಳಿಸಿದೆ: 0.12. ಸ್ಪಿಂಡಲ್ ಹಾಕಿದರೂ ಬಿಟ್ಟರೂ ಬದಲಾವಣೆಯಿಲ್ಲ.

1.25ನ್ನು 200ರಿಂದ ಭಾಗಿಸಿದರೆ 0.00625. ನನ್ನ ಯಂತ್ರದ ಒಂದು ಮೈಕ್ರೊಸ್ಟೆಪ್ 0.003125 ಮಿ.ಮೀ. ಅಂದರೆ ಒಂದು ಸಲ ಹೋಗಿ ಬಂದರೆ ಸರಿಯಾಗಿ ಎರಡು ಮೈಕ್ರೊಸ್ಟೆಪ್ ತಪ್ಪು. ‘ಶ್ರೀನಿಲಯ’ದ ಕಡತದಲ್ಲಿ ಎಡಬಲದ ಓಡಾಟ ಎಣಿಸಿದೆ, 280ರ ಹತ್ತಿರ ಬಂತು. 280ನ್ನು 0.00625ರಿಂದ ಗುಣಿಸಿ, ನನ್ನ ಒಂದೂಮುಕ್ಕಾಲು ಮಿ.ಮೀ. ಸಿಗುತ್ತದೆ. ಒಂದೆಳೆಯ ಅಂಕಿಗಳು ಬದುಕಿಕೊಂಡದ್ದು ಏಕೆಂದು ಆಗ ತಿಳಿಯಿತು: ಅಲ್ಲಿ ದಿಕ್ಕು ಬದಲಾಗುವುದೇ ಹತ್ತಿಪ್ಪತ್ತು ಸಲ.

ಎರಡು ಹೆಜ್ಜೆಯೇ ಏಕೆ? ಎಡಕ್ಕೆ ತಿರುಗು ಎಂದು ದಿಕ್ಕಿನ ತಂತಿಯಲ್ಲಿ ಹೇಳಿದ ಕೂಡಲೇ ಗರ್ಬಲ್ ಹೆಜ್ಜೆಯ ಪಲ್ಸ್ ಕಳಿಸುತ್ತದೆ. ನಡುವೆ ಬಿಡುವೇ ಇಲ್ಲವೆನ್ನಬಹುದು. ಡ್ರೈವರಿಗೆ ದಿಕ್ಕಿನ ಮಾತು ಇನ್ನೂ ಮುಟ್ಟಿಲ್ಲ, ಹೆಜ್ಜೆಯ ಮಾತು ಮುಟ್ಟಿದೆ. ಅದು ಹಳೆಯ ದಿಕ್ಕಿಗೇ ಒಂದು ಹೆಜ್ಜೆ ಇಡುತ್ತದೆ. ಎಡಕ್ಕೆ ಇಡಬೇಕಾದ ಒಂದು ಹೋಯಿತು, ಬಲಕ್ಕೆ ಒಂದು ಹೆಚ್ಚಾಯಿತು, ಒಟ್ಟು ಎರಡು.

ಹಾಗಾದರೆ ಬಲಕ್ಕೆ ತಿರುಗುವಾಗಲೂ ಇದೇ ಆಗಿ ಲೆಕ್ಕ ಸರಿದೂಗಬೇಕಿತ್ತಲ್ಲ? ದೂಗುತ್ತಿತ್ತು, ಎರಡೂ ಕಡೆಯ ತಡ ಸಮನಾಗಿದ್ದರೆ ನನಗೆ ಈ ದೋಷ ಇದೆಯೆಂದೇ ತಿಳಿಯುತ್ತಿರಲಿಲ್ಲ. ಡ್ರೈವರಿನ ಬಾಗಿಲಲ್ಲಿ ಆಪ್ಟೋಕಪ್ಲರ್ ಇರುತ್ತದೆ, ಒಳಗೊಂದು ಪುಟ್ಟ ದೀಪ, ಎದುರಿಗೆ ಬೆಳಕು ಕಂಡು ತೆರೆಯುವ ಟ್ರಾನ್ಸಿಸ್ಟರು. ಅಗ್ಗದ 817 ಬಗೆಯದರಲ್ಲಿ ದೀಪ ಹೊತ್ತಿದ್ದು ಬೇಗ ತಿಳಿಯುತ್ತದೆ, ಆರಿದ್ದು ತಿಳಿಯಲು ಹಲವು ಪಟ್ಟು ಹೊತ್ತು ಬೇಕು. ಹಾಗಾಗಿ ದೀಪ ಆರುವ ದಿಕ್ಕಿಗೆ ತಿರುಗಿದಾಗ ಮಾತ್ರ ಏಟು.

ದೋಷ ಡ್ರೈವರಿನದೇ ಎಂದು ಖಚಿತ ಮಾಡಿಕೊಳ್ಳಲು ಎಕ್ಸ್ ಮತ್ತು ವೈ ಡ್ರೈವರ್‌ಗಳನ್ನು ಅದಲುಬದಲು ಮಾಡಿದೆ. ಇದನ್ನು ಮಾಡುವಾಗ ವಿದ್ಯುತ್ ತೆಗೆದು, ಎಸ್‌ಎಂಪಿಎಸ್ ದೀಪ ಪೂರ್ತಿ ಆರುವವರೆಗೆ ಕಾಯಿರಿ. ಕರೆಂಟ್ ಇರುವಾಗ ಮೋಟಾರಿನ ತಂತಿ ಬಿಚ್ಚಿದರೆ ಡ್ರೈವರ್ ಅಲ್ಲೇ ಸಾಯುತ್ತದೆ. ಅದಲುಬದಲಿನ ನಂತರ ಎಕ್ಸ್ ಸೊನ್ನೆಗೆ ಸೊನ್ನೆ, ವೈ 1.25. ಮುಚ್ಚಳ ತೆಗೆದೆ. ಮೊದಲ ಅಂಗಡಿಯ ಎರಡರಲ್ಲೂ ಹೆಜ್ಜೆ ಮತ್ತು ದಿಕ್ಕಿನ ದಾರಿಯಲ್ಲಿ ಎಂಟು ಕಾಲಿನ ವೇಗದ ಆಪ್ಟೋಕಪ್ಲರ್ 6ಎನ್137. ನೂರು ರೂಪಾಯಿ ಉಳಿಸಿದ ಮೂರನೆಯದರಲ್ಲಿ ಎಲ್ಲೆಲ್ಲೂ ನಾಲ್ಕು ಕಾಲಿನ 817.

ಕಾಸಿಲ್ಲದ ಮದ್ದು

ಹೊಸ ಡ್ರೈವರ್ ಕೊಳ್ಳುವ ಮೊದಲು ಎರಡು ಸೆಟ್ಟಿಂಗುಗಳನ್ನು ನೋಡಬೇಕು. $2 ಹೆಜ್ಜೆಯ ಪಲ್ಸನ್ನು ತಲೆಕೆಳಗು ಮಾಡುತ್ತದೆ, $0 ಪಲ್ಸ್ ಎಷ್ಟು ಮೈಕ್ರೊಸೆಕೆಂಡ್ ಇರಬೇಕೆಂದು ಹೇಳುತ್ತದೆ. ನನ್ನ ವೈರಿಂಗಿನಲ್ಲಿ ಡ್ರೈವರಿನ ಮೈನಸ್‌ಗಳೆಲ್ಲ ಒಟ್ಟಾಗಿ ಗ್ರೌಂಡಿಗೆ, ಪ್ಲಸ್‌ಗಳು ಉನೊ ಪಿನ್ನುಗಳಿಗೆ. ಡ್ರೈವರ್ ಹೆಜ್ಜೆ ಇಡುವುದು ದೀಪ ಹೊತ್ತುವ ಕ್ಷಣದಲ್ಲಿ, ಅದು ಪಲ್ಸಿನ ಆರಂಭ. ಪಲ್ಸನ್ನು ತಿರುಗಿಸಿದರೆ ದೀಪ ಮೊದಲು ಆರಿ, ಪಲ್ಸಿನ ಕೊನೆಯಲ್ಲಿ ಹೊತ್ತುತ್ತದೆ. ಆ ನಡುವಿನ ಹೊತ್ತೆಲ್ಲ ದಿಕ್ಕಿಗೆ ಸಿಕ್ಕ ಬಿಡುವು.

ಡ್ರೈವರನ್ನು ಮತ್ತೆ ಎಕ್ಸ್‌ಗೇ ಹಾಕಿ $2=1 ಕೊಟ್ಟೆ; 1 ಎಂದರೆ ಎಕ್ಸ್ ಮಾತ್ರ, ಮೂರೂ ಅಕ್ಷಕ್ಕೆ ಬೇಕಾದರೆ 7. ಓಡಿಸಿದರೆ ಮೋಟಾರು ಮೂಗರಾಗದಲ್ಲಿ ಗುಂಯ್ ಎಂದು ಅಲ್ಲೇ ನಡುಗಿತು. ಎದೆ ಧಸಕ್ಕೆಂದಿತು. ಆಮೇಲೆ ಅರ್ಥವಾಯಿತು: $0 ಮೊದಲಿನ 10ರಲ್ಲೇ ಇತ್ತು. ಹತ್ತು ಮೈಕ್ರೊಸೆಕೆಂಡ್ ದೀಪ ಆರಿದ್ದನ್ನು ಆ ನಿಧಾನಸ್ಥ 817 ಗಮನಿಸುತ್ತಲೇ ಇರಲಿಲ್ಲ. $0=25 ಮಾಡಿದೆ. 16,000 ಪಲ್ಸಿನ ವೇಗದಲ್ಲೂ ಎರಡು ಪಲ್ಸಿನ ನಡುವೆ 62.5 ಮೈಕ್ರೊಸೆಕೆಂಡ್ ಇರುವುದರಿಂದ 25ಕ್ಕೆ ಜಾಗವಿದೆ. ಇನ್ನೂರು ಸಲದ ನಂತರ ಗೇಜ್ ಮುಳ್ಳು ಸೊನ್ನೆಯ ಗೆರೆಯ ಮೇಲೆ ನಿಂತಿತು. ಸಾವಿರ ಸಲ ಓಡಿಸಿ ಊಟ ಮಾಡಿ ಬಂದೆ, ಅಲ್ಲೇ ಇತ್ತು.

ನಿಮ್ಮ ಡ್ರೈವರ್ ಯಾವ ಅಂಚಿನಲ್ಲಿ ಹೆಜ್ಜೆ ಇಡುತ್ತದೆ, ನಿಮ್ಮ ವೈರಿಂಗಿನಲ್ಲಿ ಸಾಮಾನ್ಯ ತಂತಿ ಪ್ಲಸ್ಸೋ ಮೈನಸ್ಸೋ ಎಂಬುದರ ಮೇಲೆ $2 ಯಾವುದಿರಬೇಕೆಂಬುದು ತಿರುಗುಮುರುಗಾಗುತ್ತದೆ. ತಲೆ ಕೆಡಿಸಿಕೊಳ್ಳದೆ ಎರಡನ್ನೂ ಇಟ್ಟು ಇನ್ನೂರು ಸಲದ ಕಡತ ಓಡಿಸಿ, ಗೇಜ್ ತೀರ್ಪು ಕೊಡುತ್ತದೆ. ಗರ್ಬಲ್‌ನ ಮೂಲ ಕಡತವನ್ನು ತಾವೇ ಕಂಪೈಲ್ ಮಾಡುವವರಿಗೆ ದಿಕ್ಕು ಮತ್ತು ಪಲ್ಸಿನ ನಡುವೆ ಬಿಡುವು ಇಡುವ ಬೇರೆ ಆಯ್ಕೆಯೂ ಅದರೊಳಗೇ ಇದೆ. ನನಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ಇಎಸ್‌ಪಿ32 ಬೋರ್ಡು ಹಾಕಿಕೊಂಡವರಿಗೆ ಈ ಬಾಧೆ ಇನ್ನೂ ಬೇಗ ತಾಗಬಹುದು, ಏಕೆಂದರೆ ಅದರ ಪಿನ್ನು ಕೊಡುವುದು 3.3 ವೋಲ್ಟ್, 5 ವೋಲ್ಟಿಗೆಂದು ಮಾಡಿದ ದೀಪ ಮಂಕಾಗಿ ಉರಿಯುತ್ತದೆ. ನಡುವೆ 5 ವೋಲ್ಟಿನಲ್ಲಿ ಓಡುವ 74ಎಚ್‌ಸಿಟಿ245 ಚಿಪ್ಪೊಂದನ್ನು ಹಾಕಿದರೆ ಸರಿಹೋಗುತ್ತದೆ.

ಮೂರನೇ ತೇಗದ ತುಂಡಿನಲ್ಲಿ ‘ಶ್ರೀನಿಲಯ’ ಸರಿಯಾಗಿ ಬಂತು. ಮೊದಲಿನ ಎರಡು ಕೆಟ್ಟ ಹಲಗೆಗಳಲ್ಲಿ ಒಂದರ ಹಿಂಬದಿಗೆ ಎಲ್ಲ ಸೆಟ್ಟಿಂಗುಗಳನ್ನೂ ಮಾರ್ಕರಿನಲ್ಲಿ ಬರೆದು ಕಂಟ್ರೋಲ್ ಪೆಟ್ಟಿಗೆಯ ಪಕ್ಕದ ಗೋಡೆಗೆ ಹೊಡೆದಿದ್ದೇನೆ. ಗರ್ಬಲ್ ಸೆಟ್ಟಿಂಗುಗಳನ್ನು ಮೊದಲಿನ ಸ್ಥಿತಿಗೆ ಮರಳಿಸಿದರೆ $2 ಮತ್ತೆ 0 ಆಗುತ್ತದೆ, $0 ಮತ್ತೆ 10.